ಕಣಜ ಕಚ್ಚಲ್ವಾ?

ಪಕ್ಕದ ಮನೆಯ ಆರು ವರ್ಷದ ಹುಡುಗಿಗೆ ಮೊನ್ನೆ ಕಥೆ ಓದಿ ಹೇಳುತ್ತಿದ್ದೆ. ‘ಸುಗ್ಗಿ ಮುಗಿಯಿತು, ರೈತನ ಕಣಜ ತುಂಬಿತು’ ಎಂದದ್ದೇ ತಡ, ಅವಳು ಕಾಲು ಮೇಲೆಳೆದುಕೊಂಡು ‘ಅಜ್ಜಾ, ಕಚ್ಚಲ್ವಾ?’ ಎಂದಳು. ಅವರ ಬಾಲ್ಕನಿಯಲ್ಲಿ ಕಣಜ ಗೂಡು ಕಟ್ಟಿ ಇನ್ನೂ ತಿಂಗಳಾಗಿಲ್ಲ. ಅವಳ ಪಾಲಿಗೆ ಕಣಜವೆಂದರೆ ಹುಳು.

ಅರ್ಥ ಹೇಳಿಬಿಡಲು ನಾಲಿಗೆ ತುರಿಸಿತು. ತಡೆದುಕೊಂಡು ಮುಂದಿನ ಸಾಲಿಗೆ ಹೋದೆ. ರೈತನ ಹೆಂಡತಿ ಕಣಜದ ಬಾಗಿಲು ತೆಗೆದು ಮೂರು ಸೇರು ಭತ್ತ ಅಳೆದು ಕೊಟ್ಟಳು. ‘ಬಾಗಿಲಿದ್ಯಾ? ಹಾಗಾದ್ರೆ ಭತ್ತದ ಡಬ್ಬಾನಾ?’ ಹುಳು ಹಾರಿಹೋಗಿತ್ತು.

ಮಕ್ಕಳು ಹೀಗೆ ಸುತ್ತಲ ಮಾತಿನಿಂದಲೇ ಹೊಸ ಪದ ಹಿಡಿಯುವುದನ್ನು ಸಂಶೋಧಕರೂ ಪರೀಕ್ಷಿಸಿ ನೋಡಿದ್ದಾರೆ. 1978ರಲ್ಲಿ ಅಮೆರಿಕದ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್ಲೆಟ್ ಮೂರು-ನಾಲ್ಕು ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಎರಡು ತಟ್ಟೆ, ಒಂದು ನೀಲಿ, ಇನ್ನೊಂದು ಆಲಿವ್ ಹಸಿರು. ಆ ಹಸಿರಿಗೆ ಮಕ್ಕಳು ಕೇಳಿರದ ‘ಕ್ರೋಮಿಯಂ’ ಎಂಬ ಹೆಸರು. ‘ನೀಲಿಯದಲ್ಲ, ಕ್ರೋಮಿಯಂ ತಟ್ಟೆ ತಾ’ ಎಂದರೆ ಮಕ್ಕಳು ಸರಿಯಾದುದನ್ನೇ ತಂದವು. ‘ನೀಲಿಯದಲ್ಲ’ ಎಂಬುದೇ ದಾರಿ ತೋರಿಸಿತ್ತು. ದಿನ ಕಳೆದ ಮೇಲೂ ಹಲವರಲ್ಲಿ ಪದದ ಗುರುತು ಉಳಿದಿತ್ತು, ಅರ್ಥ ಮಾತ್ರ ಅರೆಬೆಂದದ್ದು. ಒಂದೇ ಕುದಿಗೆ ಬೇಳೆ ಬೇಯುವುದಿಲ್ಲವಲ್ಲ. ಅದೇ ಪದ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳಬೇಕು.

ಕನ್ನಡದಲ್ಲಂತೂ ಇಂಥ ಸುಳಿವು ಪದದ ಮಗ್ಗುಲಲ್ಲೇ ಕೂತಿರುತ್ತದೆ. ದವಸಧಾನ್ಯ, ಒಡವೆವಸ್ತ್ರ, ನೆಂಟರಿಷ್ಟರು. ಧಾನ್ಯ ಗೊತ್ತಿರುವ ಮಗುವಿಗೆ ದವಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಜೋಡಿಯನ್ನು ಯಾವಾಗಲೂ ನಂಬುವಂತಿಲ್ಲ. ‘ಕಷ್ಟಕಾರ್ಪಣ್ಯ’ದಲ್ಲಿ ಕಾರ್ಪಣ್ಯವೂ ಕಷ್ಟವೇ ಎಂದುಕೊಂಡು ನಾನು ಅರ್ಧ ಆಯುಷ್ಯ ಕಳೆದೆ. ಅದು ಕೃಪಣನ ಗುಣ, ಜಿಪುಣತನವೂ ಹೌದೆಂದು ನಿಘಂಟು ತೆರೆದಾಗಲೇ ತಿಳಿದದ್ದು. ಹಾಗಾಗಿ ‘ನೀನೇ ಊಹಿಸು’ ಎಂದು ಮಗುವನ್ನು ಕೈಬಿಡುವ ಮೇಷ್ಟರನ್ನು ನಾನು ಒಪ್ಪುವುದಿಲ್ಲ. ಊಹಿಸಲಿ, ‘ಯಾಕೆ ಹಾಗಂದುಕೊಂಡೆ?’ ಎಂದು ಕೇಳೋಣ, ಆಮೇಲೆ ತಪ್ಪಿದ್ದನ್ನು ತಿದ್ದೋಣ.

ನಮ್ಮ ಹುಡುಗಿಯ ಡಬ್ಬವೂ ಅರೆಬೆಂದದ್ದೇ. ಬಿದಿರು ಹೆಣೆದು ಸಗಣಿ ಮೆತ್ತಿದ, ಆಳೆತ್ತರದ ಕಣಜವನ್ನು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದು ತೋರಿಸಿದೆ. ಪಕ್ಕದಲ್ಲಿ ಅಳತೆಗೆಂದು ಅವಳನ್ನೂ ನಿಲ್ಲಿಸಿದೆ. ಬಹಳ ಹೊತ್ತು ನೋಡಿ, ಪೆನ್ಸಿಲ್ ಕಸಿದುಕೊಂಡು ಕಣಜದ ನೆತ್ತಿಯ ಮೇಲೆ ಎರಡು ರೆಕ್ಕೆಯ ಒಂದು ಹುಳು ಬರೆದಳು. ‘ಇದೂ ಕಣಜಾನೇ ಅಲ್ವಾ ಅಜ್ಜಾ?’