ತೆರಿಗೆಯ ಲೆಕ್ಕದಲ್ಲಿ ಹುಟ್ಟಿದ ಕಾರು: ಆಲ್ಟೊದ ಒಂಬತ್ತು ತಲೆಮಾರು

ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿಯನ್ನು ಕೇಂದ್ರ ಸರ್ಕಾರ ಶೇ 28ರಿಂದ ಶೇ 18ಕ್ಕೆ ಇಳಿಸಿದ್ದು 2025ರ ಸೆಪ್ಟೆಂಬರ್ 22ರಂದು. ಇದರೊಂದಿಗೆ ಮಾರುತಿ ಆಲ್ಟೊ ಕೆ10ರ ಆರಂಭಿಕ ಬೆಲೆ 4 ಲಕ್ಷ 23 ಸಾವಿರ ರೂಪಾಯಿಯಿಂದ 3 ಲಕ್ಷ 70 ಸಾವಿರದ ಆಸುಪಾಸಿಗೆ ಕುಸಿಯಿತು. ತೆರಿಗೆಯ ಏರಿಳಿತ ಆಲ್ಟೊಗೆ ಹೊಸತಲ್ಲ. ವಾಸ್ತವವಾಗಿ ಈ ಕಾರು ಹುಟ್ಟಿದ್ದೇ ತೆರಿಗೆಯ ಲೆಕ್ಕಾಚಾರದಿಂದ. ಜಪಾನಿನಲ್ಲಿ 1979ರಿಂದ ಇಂದಿನವರೆಗೆ ಬಂದಿರುವ ಅದರ ಒಂಬತ್ತು ತಲೆಮಾರುಗಳ ಕತೆ, ಸರ್ಕಾರದ ನಿಯಮಗಳು ಜನಸಾಮಾನ್ಯರ ಕಾರನ್ನು ಹೇಗೆ ರೂಪಿಸುತ್ತವೆ ಎಂಬುದರ ಕತೆಯೂ ಹೌದು.

ವ್ಯಾನ್ ವೇಷದ ಕಾರು

ಜಪಾನಿನಲ್ಲಿ ‘ಕೇ’ ಎಂಬ ಪ್ರತ್ಯೇಕ ಕಾರು ವರ್ಗವಿದೆ. ಎಂಜಿನ್ ಗಾತ್ರ, ಉದ್ದ ಮತ್ತು ಅಗಲಕ್ಕೆ ಮಿತಿ ವಿಧಿಸಿ, ಪ್ರತಿಯಾಗಿ ತೆರಿಗೆ ರಿಯಾಯಿತಿ ನೀಡುವ ವ್ಯವಸ್ಥೆ ಇದು. 1976ರಲ್ಲಿ ಈ ವರ್ಗದ ಎಂಜಿನ್ ಮಿತಿ 360 ಸಿಸಿಯಿಂದ 550 ಸಿಸಿಗೆ ಏರಿತು. ಆದರೆ ಅದೇ ಕಾಲದಲ್ಲಿ ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದವು. ಎರಡು ಸ್ಟ್ರೋಕ್ ಎಂಜಿನ್‌ಗಳನ್ನೇ ನೆಚ್ಚಿಕೊಂಡಿದ್ದ ಸುಜುಕಿ ಸಂಸ್ಥೆ ಇಕ್ಕಟ್ಟಿಗೆ ಸಿಲುಕಿತು. ಪ್ರತಿಸ್ಪರ್ಧಿ ಡೈಹಾಟ್ಸುವಿನಿಂದ ಎಂಜಿನ್ ಕೊಂಡು ತನ್ನ ಕಾರಿಗೆ ಜೋಡಿಸಬೇಕಾದ ಸ್ಥಿತಿ ಅದಕ್ಕೆ ಬಂದಿತ್ತು.

1978ರಲ್ಲಿ ಸಂಸ್ಥೆಯ ಅಧ್ಯಕ್ಷರಾದ ಒಸಾಮು ಸುಜುಕಿ ಅವರ ಮುಂದಿದ್ದ ಪ್ರಶ್ನೆ ಇದೇ. ಪ್ರಯಾಣಿಕರ ಕಾರಿನ ಮೇಲೆ ಶೇ 15ಕ್ಕೂ ಹೆಚ್ಚು ಸರಕು ತೆರಿಗೆ ಇತ್ತು; ವಾಣಿಜ್ಯ ವಾಹನಕ್ಕೆ ಇರಲಿಲ್ಲ. ವಾಣಿಜ್ಯ ವಾಹನಗಳಿಗೆ ಹೊಗೆ ನಿಯಮವೂ ಸಡಿಲವಾಗಿತ್ತು. ಕೇ ಕಾರು ಬಳಸುವವರಲ್ಲಿ ಬಹುಪಾಲು ಜನ ಒಬ್ಬರೋ ಇಬ್ಬರೋ ಕುಳಿತು ಓಡಾಡುವವರು. ಹಾಗಾದರೆ ಹಿಂದಿನ ಸೀಟನ್ನು ಕಿರಿದಾಗಿಸಿ, ಸಾಮಾನಿನ ಜಾಗವನ್ನು ಹಿಗ್ಗಿಸಿ, ಕಾರನ್ನೇ ‘ವ್ಯಾನ್’ ಎಂದು ನೋಂದಾಯಿಸಿದರೆ ಹೇಗೆ?

1979ರ ಮೇ ತಿಂಗಳಲ್ಲಿ ಮೊದಲ ಆಲ್ಟೊ ಬಂದದ್ದು ಹೀಗೆ. ತೂಕ 545 ಕಿಲೊ, ಬೆಲೆ 4 ಲಕ್ಷ 70 ಸಾವಿರ ಯೆನ್. ಆ ದಿನಗಳಲ್ಲಿ ಇಂತಹ ಕಾರುಗಳ ಬೆಲೆ 6 ಲಕ್ಷ ಯೆನ್ ಆಸುಪಾಸಿನಲ್ಲಿತ್ತು. ಆಲ್ಟೊ ಭಾರಿ ಯಶಸ್ಸು ಗಳಿಸಿತು. ಇತರ ತಯಾರಕರೂ ಅದೇ ಹಾದಿ ಹಿಡಿದರು. ಎಚ್ಚೆತ್ತ ಸರ್ಕಾರ ನಾಲ್ಕು ಸೀಟಿನ ಇಂತಹ ವ್ಯಾನ್‌ಗಳಿಗೂ ತೆರಿಗೆ ಹಾಕಿತು. ಸುಜುಕಿ ಎರಡೇ ಸೀಟಿನ ಆಲ್ಟೊ ತಂದು ಅದಕ್ಕೂ ಉತ್ತರ ಕೊಟ್ಟಿತು!

ಭಾರತಕ್ಕೆ ಬಂದ ಬಗೆ

1982ರ ಅಕ್ಟೋಬರ್‌ನಲ್ಲಿ ಸುಜುಕಿ ಮತ್ತು ಸರ್ಕಾರಿ ಸ್ವಾಮ್ಯದ ಮಾರುತಿ ಉದ್ಯೋಗ ನಡುವೆ ಒಪ್ಪಂದವಾಯಿತು. ಸುಜುಕಿಯ ಪಾಲು ಶೇ 26. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಅವರು ಮೊದಲ ಮಾರುತಿ 800ರ ಕೀಲಿಯನ್ನು ಗ್ರಾಹಕರಿಗೆ ಹಸ್ತಾಂತರಿಸಿದರು. ಆ ಕಾರು ಮೊದಲ ತಲೆಮಾರಿನ ಆಲ್ಟೊದ ಒಡಲಿಗೆ 796 ಸಿಸಿ ಎಂಜಿನ್ ಕೂಡಿಸಿದ್ದಷ್ಟೆ. 1984ರಲ್ಲಿ ಜಪಾನಿನಲ್ಲಿ ಎರಡನೇ ತಲೆಮಾರು ಬಂದಾಗ, 1986ರಲ್ಲಿ ಮಾರುತಿಯೂ ಆ ರೂಪಕ್ಕೆ ಬದಲಾಯಿತು. ಅದೇ ರೂಪ 2014ರ ಜನವರಿಯವರೆಗೆ ಭಾರತದಲ್ಲಿ ಉಳಿಯಿತು. ಪಾಕಿಸ್ತಾನದಲ್ಲಿ ‘ಮೆಹ್ರಾನ್’ ಎಂಬ ಹೆಸರಿನಲ್ಲಿ 2019ರವರೆಗೂ ತಯಾರಾಯಿತು. ಜಪಾನ್ ನಾಲ್ಕೇ ವರ್ಷಕ್ಕೆ ಕೈಬಿಟ್ಟ ಕಾರು ಉಪಖಂಡದಲ್ಲಿ ಮೂರು ದಶಕ ಬಾಳಿತು ಎಂಬುದು ಗಮನಾರ್ಹ.

ಇತ್ತ ಜಪಾನಿನಲ್ಲಿ 1988ರಲ್ಲಿ ಮೂರನೇ ತಲೆಮಾರು ಬಂತು. ಮರುವರ್ಷವೇ ಸರಕು ತೆರಿಗೆ ರದ್ದಾಗಿ ಶೇ 3ರ ಬಳಕೆ ತೆರಿಗೆ ಜಾರಿಯಾಯಿತು. ವ್ಯಾನ್ ವೇಷದ ಲಾಭ ಅಲ್ಲಿಗೆ ಬಹುತೇಕ ಮುಗಿಯಿತು. 1990ರಲ್ಲಿ ಎಂಜಿನ್ ಮಿತಿ 660 ಸಿಸಿಗೆ ಏರಿತು. 1994ರಲ್ಲಿ ನಾಲ್ಕನೆಯ, 1998ರಲ್ಲಿ ಐದನೆಯ ತಲೆಮಾರು ಬಂದವು. ಈ ಐದನೆಯದೇ 2000ದಲ್ಲಿ ‘ಆಲ್ಟೊ’ ಎಂಬ ಸ್ವಂತ ಹೆಸರಿನೊಂದಿಗೆ ಭಾರತಕ್ಕೆ ಕಾಲಿಟ್ಟಿತು. 2004ರಿಂದ ಸುಮಾರು ಒಂದೂವರೆ ದಶಕ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಅದು. 2018ರಲ್ಲಿ ಡಿಜೈರ್ ಆ ಸ್ಥಾನವನ್ನು ಕಸಿದುಕೊಂಡಿತು.

ಹೆಸರು ಒಂದೇ, ದಾರಿ ಬೇರೆ

2012ರಲ್ಲಿ ಬಂದ ಆಲ್ಟೊ 800ರಿಂದ ಉಭಯ ದೇಶಗಳ ದಾರಿ ಸ್ಪಷ್ಟವಾಗಿ ಬೇರೆಯಾಯಿತು. ಜಪಾನಿನ 2004, 2009, 2014 ಹಾಗೂ 2021ರ ತಲೆಮಾರುಗಳು ಭಾರತಕ್ಕೆ ಬರಲಿಲ್ಲ. ಅಲ್ಲಿ ಪೈಪೋಟಿ ಇಂಧನ ಉಳಿತಾಯದ್ದು. 2014ರ ಎಂಟನೇ ತಲೆಮಾರು ತನ್ನ ಹಿಂದಿನ ಮಾದರಿಗಿಂತ 60 ಕಿಲೊ ಹಗುರವಾಗಿ, ಅಲ್ಲಿನ ಪರೀಕ್ಷೆಯಲ್ಲಿ ಲೀಟರಿಗೆ 37 ಕಿ.ಮೀ. ದಾಖಲಿಸಿತು. 2021ರ ಒಂಬತ್ತನೆಯದಕ್ಕೆ ಹೈಬ್ರಿಡ್ ಆಯ್ಕೆಯೂ ಸೇರಿತು. ಆದರೆ ಅಲ್ಲಿಯೂ ರಿಯಾಯಿತಿ ಕರಗುತ್ತಿದೆ. 2015ರಲ್ಲಿ ಹೊಸ ಕೇ ಕಾರುಗಳ ವಾರ್ಷಿಕ ತೆರಿಗೆ 7,200 ಯೆನ್‌ನಿಂದ 10,800ಕ್ಕೆ ಏರಿತು.

ಭಾರತದಲ್ಲಿ ಪ್ರಶ್ನೆ ಸುರಕ್ಷತೆಯದ್ದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಆಲ್ಟೊ 800ಗೆ ದೊರೆತದ್ದು ಶೂನ್ಯ ತಾರೆ. 2019ರಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂತು. 2023ರಲ್ಲಿ ಆಲ್ಟೊ 800 ನಿಂತಿತು. ಅದೇ ವರ್ಷ ಆಲ್ಟೊ ಕೆ10 ವಯಸ್ಕರ ರಕ್ಷಣೆಯಲ್ಲಿ ಎರಡು ತಾರೆ ಪಡೆದರೂ ಮಕ್ಕಳ ರಕ್ಷಣೆಯಲ್ಲಿ ಶೂನ್ಯವೇ ಉಳಿಯಿತು. 2025ರಲ್ಲಿ ಅದಕ್ಕೆ ಆರು ಏರ್‌ಬ್ಯಾಗ್ ಸೇರಿಸಲಾಯಿತು.

ಪ್ರತಿ ನಿಯಮವೂ ಬೆಲೆ ಹೆಚ್ಚಿಸಿ ದ್ವಿಚಕ್ರ ವಾಹನದ ಕುಟುಂಬವನ್ನು ಕಾರಿನಿಂದ ದೂರವಿಡುತ್ತಿದೆ ಎಂಬುದು ಮಾರುತಿ ಸುಜುಕಿ ಅಧ್ಯಕ್ಷ ಆರ್.ಸಿ. ಭಾರ್ಗವ ಅವರ ಬಹುಕಾಲದ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ, ನಾಲ್ವರು ಕುಳಿತ ಸ್ಕೂಟರಿಗಿಂತ ಎರಡು ತಾರೆಯ ಕಾರು ಸುರಕ್ಷಿತವೇ ಸರಿ. ಆದರೆ ಅಗ್ಗದ ಕಾರು ಕೊಳ್ಳುವವನ ಜೀವ ಅಗ್ಗವಲ್ಲ ಎಂಬ ಮಾತೂ ಅಷ್ಟೇ ಸತ್ಯ. ಹೊಗೆ ಪ್ರಮಾಣದ ಹೊಸ ಮಾನದಂಡಗಳಿಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಕರಡು, 909 ಕಿಲೊ ಒಳಗಿನ ಸಣ್ಣ ಕಾರುಗಳಿಗೆ ರಿಯಾಯಿತಿ ಸೂಚಿಸಿದಾಗ ಪ್ರತಿಸ್ಪರ್ಧಿ ತಯಾರಕರು ಆಕ್ಷೇಪಿಸಿದ್ದರು. ತೂಕಕ್ಕೆ ರಿಯಾಯಿತಿ ಕೊಟ್ಟರೆ ಸುರಕ್ಷತೆ ಹಿಂದೆ ಬೀಳುತ್ತದೆ ಎಂಬುದು ಅವರ ಆತಂಕಗಳಲ್ಲೊಂದು.

ಮುಂದಿನ ಹೆಜ್ಜೆ

2024ರ ಜುಲೈನಲ್ಲಿ ಸುಜುಕಿ ತನ್ನ ಹತ್ತು ವರ್ಷಗಳ ತಾಂತ್ರಿಕ ಯೋಜನೆ ಪ್ರಕಟಿಸಿ, 680 ಕಿಲೊ ತೂಗುವ ಆಲ್ಟೊವನ್ನು 100 ಕಿಲೊ ಹಗುರಗೊಳಿಸುವ ಗುರಿ ಘೋಷಿಸಿತು. ಸಾಧ್ಯವಾದರೆ ಅದು 1979ರ ಮೊದಲ ಕಾರಿನ ತೂಕಕ್ಕೆ ಹತ್ತಿರವಾಗುತ್ತದೆ. ಇದನ್ನು ಘೋಷಿಸಿದ ವರ್ಷದ ಡಿಸೆಂಬರ್ 25ರಂದು ಒಸಾಮು ಸುಜುಕಿ ತಮ್ಮ 94ನೇ ವಯಸ್ಸಿನಲ್ಲಿ ನಿಧನರಾದರು.

ತೆರಿಗೆ ಉಳಿಸುವ ಜಾಣ್ಮೆಯಿಂದ ಅಗ್ಗದ ಕಾರು ಕಟ್ಟಬಹುದೆಂದು ಅವರು ತೋರಿಸಿದರು. ಆದರೆ ಸುರಕ್ಷತೆಯ ವಿಷಯದಲ್ಲಿ ಅಂತಹ ಒಳದಾರಿಗಳಿಲ್ಲ. ಶೇ 18ರ ತೆರಿಗೆಯಿಂದ ಉಳಿದ ಹಣ ಗ್ರಾಹಕನ ಜೇಬಿಗೆ ಸೇರಿದೆ. ಆ ಗ್ರಾಹಕನ ಕುಟುಂಬ ಕೂರುವ ಕಾರು ಎಷ್ಟು ಗಟ್ಟಿ ಎಂಬುದನ್ನು ತೆರಿಗೆ ಪಟ್ಟಿ ನಿರ್ಧರಿಸುವುದಿಲ್ಲ. ಅದಕ್ಕೆ ಬೇರೆಯೇ ನಿಯಮ, ಬೇರೆಯೇ ಇಚ್ಛಾಶಕ್ತಿ ಬೇಕು.