ಜರ್ಮನಿಯ ಓದು: ದುಡಿಮೆಯ ಲೆಕ್ಕ

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಬಾಂಧವರು ಮಕ್ಕಳನ್ನು ಜರ್ಮನಿಗೆ ಓದಲು ಕಳಿಸಲು ಮನಸ್ಸು ಮಾಡಿದರೆ ಸಂತೋಷವೇ. ಅಲ್ಲಿ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದಂತೆ, ವೀಸಾಕ್ಕಾಗಿ ವರ್ಷದ ಖರ್ಚು 11,904 ಯೂರೋ ಮೊದಲೇ ಬ್ಯಾಂಕಿನಲ್ಲಿ ತೋರಿಸಬೇಕು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು.

“ಮಿಕ್ಕದ್ದನ್ನು ಹುಡುಗ ಅಲ್ಲೇ ದುಡಿದುಕೊಳ್ಳುತ್ತಾನೆ” ಎನ್ನುವ ಹಿರಿಯರು ಸ್ವಲ್ಪ ತಾಳಬೇಕು. 2024ರ ಮಾರ್ಚ್‌ನಿಂದ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ, ಇಲ್ಲವೇ 280 ಅರ್ಧ ದಿನ ದುಡಿಯಲು ಅನುಮತಿಯಿದೆ. ಪಠ್ಯಕ್ರಮವೇ ಕಡ್ಡಾಯ ಮಾಡಿದ ಇಂಟರ್ನ್‌ಶಿಪ್ ಈ ದಿನಗಳಲ್ಲಿ ಸೇರುವುದಿಲ್ಲ. ಸರಿ, ಆದರೆ ಅದಕ್ಕೆ ಕನಿಷ್ಠ ವೇತನದ ಕಾನೂನೂ ಅನ್ವಯಿಸದು. ಕಂಪನಿ ಕೊಟ್ಟರೆ ಕೊಟ್ಟಿತು, ಇಲ್ಲವಾದರೆ ಇಲ್ಲ. ಸ್ವಂತ ಇಚ್ಛೆಯಿಂದ ಮಾಡುವ ಇಂಟರ್ನ್‌ಶಿಪ್ 3 ತಿಂಗಳು ಮೀರಿದರೆ ಕನಿಷ್ಠ ವೇತನ ಕೊಡಲೇಬೇಕು. ಸ್ವಂತ ಇಚ್ಛೆಯ ಇಂಟರ್ನ್‌ಶಿಪ್‌ನ ದಿನಗಳು 140ರಲ್ಲಿ ಕಳೆಯುತ್ತವೆ.

ಕಂಪನಿ ಬೇರೆ ಊರಿನಲ್ಲಿದ್ದರೆ ಕೋಣೆ ಬಾಡಿಗೆ ಎರಡು ಕಡೆ ಬೀಳಬಹುದು. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ಸಂಬಳವಿಲ್ಲದ ಆರು ತಿಂಗಳಿಗೆ ಮನೆಯಿಂದ ಎಷ್ಟು ಕಳಿಸಲಾದೀತು ಎಂದು ಈಗಲೇ ಕೂಡಿ ನೋಡಿರಿ. ಇಂಟರ್ನ್‌ಶಿಪ್ ಕಡ್ಡಾಯವೇ, ಎಷ್ಟು ವಾರ ಎಂಬುದನ್ನು ಏಜೆಂಟರ ಬಾಯಿಮಾತಿಗೆ ಬಿಡದೆ, ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿರಿ.