ಸ್ಪೋರ್ಟ್ಸ್ ಕಾರಿಗೆ ಸಾಧಾರಣ ಟೈರ್ ಸಾಕೇ?

ಹತ್ತು ವರ್ಷ ಓಡಿದ ಸ್ಪೋರ್ಟ್ಸ್ ಕಾರು ಹೊಸದರ ಅರ್ಧ ಬೆಲೆಗೆ ಸಿಗಬಹುದು, ಆದರೆ ಅದಕ್ಕೆ ಹಾಕಬೇಕಾದ ಟೈರಿನ ಬೆಲೆ ಕಾರಿನ ವಯಸ್ಸು ನೋಡಿ ಇಳಿಯುವುದಿಲ್ಲ. ಟೊಯೊಟಾ 86, ಅದರ ಅವಳಿ ಸುಬಾರು ಬಿಆರ್‌ಜಡ್, ಮಜ್ದಾ ಎಂಎಕ್ಸ್-5 ಮುಂತಾದ ಹಗುರ ಕಾರುಗಳು ಭಾರತದ ಷೋರೂಮುಗಳಿಗೆ ಬರಲೇ ಇಲ್ಲ. ಆದರೆ ಅಮೆರಿಕ, ಯುರೋಪು, ಆಸ್ಟ್ರೇಲಿಯಾಗಳಂಥ ಕಡೆ ಇವು ಮಧ್ಯಮ ವರ್ಗದ ಕೈಗೆಟಕುವ ಸ್ಪೋರ್ಟ್ಸ್ ಕಾರುಗಳು. ಅಲ್ಲಿ ನೆಲೆಸಿದ ಕನ್ನಡಿಗರೂ ಸೇರಿದಂತೆ, ಇವನ್ನು ಸೆಕೆಂಡ್ ಹ್ಯಾಂಡ್ ಕೊಂಡು ದಿನವೂ ಕೆಲಸಕ್ಕೆ ಓಡಿಸುವವರ ಮುಂದೆ ಟೈರ್ ಸವೆದ ದಿನ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ವೇಗಕ್ಕೆಂದೇ ಮಾಡಿದ ಕಾರಿಗೆ ದಿನಬಳಕೆಯ, ಕಡಿಮೆ ಬೆಲೆಯ ಟೈರ್ ಹಾಕಿದರೆ ನಡೆಯುತ್ತದೆಯೇ? ಎರಡೂ ಕಡೆ ಗಟ್ಟಿಯಾದ ವಾದಗಳಿವೆ. ಅವನ್ನು ತೂಗಿ ನೋಡದೆ ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು.

ಪರ

ಸಾಧಾರಣ ಟೈರಿನ ಪರವಾಗಿ ಸಿಗುವ ಮೊದಲ ಸಾಕ್ಷ್ಯ ಕಾರು ತಯಾರಿಸಿದವರದ್ದೇ. 2012ರಲ್ಲಿ ಟೊಯೊಟಾ 86 ಮಾರುಕಟ್ಟೆಗೆ ಬಂದಾಗ ಅದರ ಚಕ್ರಗಳಲ್ಲಿದ್ದದ್ದು 215/45ಆರ್17 ಅಳತೆಯ ಮಿಶೆಲಿನ್ ಪ್ರೈಮಸಿ ಎಚ್‌ಪಿ. ಇಂಧನ ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಕಾರಿಗೂ ಹಾಕುತ್ತಿದ್ದ ಟೈರ್ ಅದು. 200 ಅಶ್ವಶಕ್ತಿಯ, ಸುಮಾರು 1,250 ಕಿಲೋ ತೂಕದ ಕಾರಿಗೆ ಅಗಲವಾದ, ಅಂಟುವ ಟೈರ್ ಹಾಕಲು ಬರುತ್ತಿರಲಿಲ್ಲ ಎಂದಲ್ಲ. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಬೇಕೆಂದೇ ಅದನ್ನು ಬಿಟ್ಟರು. ಟೈರಿನ ಹಿಡಿತ ಮಿತವಾಗಿದ್ದರೆ ಕಾರು ಯಾವಾಗ ಜಾರಲು ಶುರುಮಾಡುತ್ತದೆ ಎಂಬುದು ಸಾಮಾನ್ಯ ರಸ್ತೆಯ ವೇಗದಲ್ಲೇ ಚಾಲಕನಿಗೆ ತಿಳಿಯುತ್ತದೆ, ಓಡಿಸುವ ಖುಷಿಗೆ ಅಪಾಯಕಾರಿ ವೇಗ ಬೇಕಾಗುವುದಿಲ್ಲ. 1989ರ ಮೊದಲ ಎಂಎಕ್ಸ್-5 ಕೂಡ 185/60ಆರ್14 ಎಂಬ ಸಣ್ಣ ಟೈರಿನ ಮೇಲೆಯೇ ಹೆಸರು ಮಾಡಿತು. ಅಂದಮೇಲೆ ಇಂಥ ಕಾರುಗಳಿಗೆ ಸಾಧಾರಣ ಟೈರ್ ಹಾಕುವುದು ಅವುಗಳಿಗೆ ಮಾಡುವ ಅವಮಾನವಲ್ಲ, ವಿನ್ಯಾಸದಲ್ಲೇ ಅದಕ್ಕೆ ಜಾಗವಿದೆ.

ಎರಡನೆಯ ವಾದ ಬಳಕೆಯದ್ದು. ರೇಸ್ ಟ್ರ್ಯಾಕಿಗೆ ಹೊಂದಿಸಿದ ರಬ್ಬರು ಕಾವೇರಿದ ಮೇಲಷ್ಟೇ ತನ್ನ ಪೂರ್ತಿ ಹಿಡಿತ ಕೊಡುತ್ತದೆ. ಮನೆಯಿಂದ ಆಫೀಸಿಗೆ ಹೋಗುವ ಅರ್ಧ ಗಂಟೆಯಲ್ಲಿ, ಅದೂ ಸಿಗ್ನಲ್‌ಗಳ ನಡುವೆ, ಅದು ಕಾವೇರುವುದೇ ಇಲ್ಲ. ಅಂಥ ಟೈರಿನಲ್ಲಿ ನೀರನ್ನು ಹೊರಹಾಕುವ ಕಾಲುವೆಗಳು ಕಡಿಮೆ, ಅವುಗಳ ಆಳವೂ ಕಡಿಮೆ. ಹೀಗಾಗಿ ಮಳೆನೀರು ನಿಂತ ರಸ್ತೆಯಲ್ಲಿ ಅದರ ದುಬಾರಿತನ ಕೆಲಸಕ್ಕೆ ಬರುವುದಿಲ್ಲ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತದೆ. ಆದ್ದರಿಂದ ಡೆಟ್ರಾಯಿಟ್‌ನಲ್ಲೋ ನ್ಯೂಜೆರ್ಸಿಯಲ್ಲೋ ನವೆಂಬರ್ ಬೆಳಗ್ಗೆ ಕಾರು ತೆಗೆಯುವವರಿಗೆ ಸಾಧಾರಣ ಆಲ್-ಸೀಸನ್ ಟೈರ್ ದುಬಾರಿ ಬೇಸಿಗೆ ಟೈರಿಗಿಂತ ಹೆಚ್ಚು ಸುರಕ್ಷಿತ. ಸಾಧಾರಣ ಟೈರೂ ನಿಂತಲ್ಲೇ ನಿಂತಿಲ್ಲ. 1992ರಲ್ಲಿ ಮಿಶೆಲಿನ್ ಸಿಲಿಕಾ ಬೆರೆಸಿದ ಟೈರನ್ನು ತಂದ ಮೇಲೆ, ಉರುಳುವಾಗ ಇಂಧನ ಉಳಿಸುವ ರಬ್ಬರೇ ಒದ್ದೆ ರಸ್ತೆಯನ್ನೂ ಚೆನ್ನಾಗಿ ಹಿಡಿಯಬಹುದು ಎಂಬುದು ಸಾಬೀತಾಯಿತು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು.

ಅಳತೆಯಲ್ಲೂ ಉಳಿತಾಯವಿದೆ. ಟೊಯೊಟಾ 86ರ ಮುಂದಿನ ಪೀಳಿಗೆಯಾಗಿ 2021ರಲ್ಲಿ ಬಂದ ಜಿಆರ್86 ಅಮೆರಿಕದಲ್ಲಿ ಎರಡು ಬಗೆಯಲ್ಲಿ ಸಿಕ್ಕಿತು: ಕಡಿಮೆ ಬೆಲೆಯದಕ್ಕೆ 17 ಇಂಚಿನ ರಿಮ್ಮಿನ ಮೇಲೆ ಅದೇ ಪ್ರೈಮಸಿ, ಹೆಚ್ಚು ಬೆಲೆಯದಕ್ಕೆ 18 ಇಂಚಿನ ರಿಮ್ಮಿನ ಮೇಲೆ 215/40 ಅಳತೆಯ ಪೈಲಟ್ ಸ್ಪೋರ್ಟ್ 4. ಒಂದೇ ಕಾರು, ಒಂದೇ ಅಗಲ. ಆದರೆ ಮೊದಲನೆಯದರ ಸೈಡ್‌ವಾಲ್ ಎತ್ತರ ಸುಮಾರು 97 ಮಿ.ಮೀ., ಎರಡನೆಯದರದ್ದು 86 ಮಿ.ಮೀ. ಗುಂಡಿಗೆ ಚಕ್ರ ಬಿದ್ದಾಗ ರಿಮ್ಮನ್ನು ಕಾಯುವುದು ಈ 11 ಮಿ.ಮೀ. ರಬ್ಬರು. ಚಿಕ್ಕ ರಿಮ್ಮಿನ ಟೈರ್ ಸಾಮಾನ್ಯವಾಗಿ ಅಗ್ಗವೂ ಹೌದು.

ವಿರೋಧ

ವಿರೋಧದ ವಾದ ಭೌತಶಾಸ್ತ್ರದಿಂದ ಶುರುವಾಗುತ್ತದೆ. ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಕಡೆ, ಒಂದೊಂದು ಕಡೆ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಬ್ರೇಕ್, ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲವೂ ಅಲ್ಲಿರುವ ಹಿಡಿತವನ್ನು ಹಂಚಿಕೊಡಬಲ್ಲವೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರವು. ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರು, ಘರ್ಷಣೆಯ ಗುಣಾಂಕ 1 ಇದ್ದರೆ, ಬ್ರೇಕ್ ಹಿಡಿದ ಮೇಲೆ ಸುಮಾರು 39 ಮೀಟರ್‌ನಲ್ಲಿ ನಿಲ್ಲುತ್ತದೆ. ಗುಣಾಂಕ 0.9ಕ್ಕೆ ಇಳಿದರೆ ಸುಮಾರು 44 ಮೀಟರ್ ಬೇಕು. ಐದು ಮೀಟರಿಗೂ ಕಡಿಮೆ ವ್ಯತ್ಯಾಸ ಎಂದು ಸಮಾಧಾನಪಡುವಂತಿಲ್ಲ. ಏಕೆಂದರೆ ಒಳ್ಳೆಯ ಟೈರಿನ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯ ಕಾರು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 31 ಕಿ.ಮೀ. ದಾಟಿರುತ್ತದೆ. ಎದುರಿಗೆ ಇರುವುದು ಪಾದಚಾರಿಯಾದರೆ ಅದು ಸಣ್ಣ ವೇಗವಲ್ಲ.

ಒದ್ದೆ ರಸ್ತೆಯಲ್ಲಿ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಐರೋಪ್ಯ ಒಕ್ಕೂಟ 2012ರಿಂದ ಟೈರುಗಳ ಮೇಲೆ ಲೇಬಲ್ ಕಡ್ಡಾಯ ಮಾಡಿದೆ. 2021ರ ಮೇ ತಿಂಗಳಿಂದ ಅದರಲ್ಲಿ ಒದ್ದೆ ರಸ್ತೆಯ ಹಿಡಿತವನ್ನು ಎ ಇಂದ ಇ ವರೆಗೆ ಐದು ದರ್ಜೆಗಳಲ್ಲಿ ಸೂಚಿಸುತ್ತಾರೆ. ಅತ್ಯುತ್ತಮ ದರ್ಜೆಗೂ ಅತಿ ಕೆಳಗಿನ ದರ್ಜೆಗೂ ನಡುವೆ, 80 ಕಿ.ಮೀ. ವೇಗದಿಂದ ನಿಲ್ಲಿಸುವ ದೂರದಲ್ಲಿ 18 ಮೀಟರ್‌ವರೆಗೂ ವ್ಯತ್ಯಾಸ ಬರಬಹುದು. ನಾಲ್ಕು ಕಾರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ಅದು. ಟೈರಿನ ಅಂಚಿನ ಸಾಮರ್ಥ್ಯ ಮುಟ್ಟದೆ ಓಡಿಸುವವರಿಗೆ ಇದೆಲ್ಲ ಏಕೆ ಎನ್ನುವ ಮಾತಿಗೆ ವಿರೋಧದ ಕಡೆ ನೇರ ಉತ್ತರವಿದೆ. ಅಂಚನ್ನು ಮುಟ್ಟುವ ಕ್ಷಣವನ್ನು ಚಾಲಕ ಆರಿಸಿಕೊಳ್ಳುವುದಿಲ್ಲ. ಮುಂದಿನ ಲಾರಿ ತಟ್ಟನೆ ನಿಂತಾಗ, ಮಗುವೊಂದು ಅಡ್ಡ ಬಂದಾಗ, ಎಷ್ಟೇ ತಾಳ್ಮೆಯಿಂದ ಓಡಿಸುವವರೂ ಟೈರಿನ ಕೊನೆಯ ಹಿಡಿತವನ್ನೇ ಕೇಳುತ್ತಾರೆ.

ಇನ್ನು ದೊಡ್ಡ ಶಕ್ತಿಯ ಕಾರುಗಳ ಮಾತು ಬೇರೆ. ಪೋರ್ಶೆ 911 ಕರೇರಾ ಎಸ್‌ನ 992 ಪೀಳಿಗೆಗೆ ಮುಂದೆ 245/35 ಅಳತೆಯ 20 ಇಂಚು, ಹಿಂದೆ 305/30 ಅಳತೆಯ 21 ಇಂಚು. ಎಂಜಿನ್ ಹಿಂಬದಿಯಲ್ಲಿರುವ ಈ ಕಾರಿಗೆ ತಾನೇ ಪರೀಕ್ಷಿಸಿ ಒಪ್ಪಿದ ಟೈರುಗಳ ಮೇಲೆ ಪೋರ್ಶೆ ಎನ್ ಅಕ್ಷರದ ಗುರುತು ಹಾಕಿಸುತ್ತದೆ. ಅಲ್ಲಿ ಟೈರ್ ಎಂದರೆ ಸಸ್ಪೆನ್ಶನ್ನಿನದೇ ಒಂದು ಭಾಗ. ಅದನ್ನು ಬೆಲೆ ನೋಡಿ ಬದಲಾಯಿಸಿದರೆ ಕಾರಿನ ಇಡೀ ಲೆಕ್ಕಾಚಾರವನ್ನೇ ಬದಲಾಯಿಸಿದಂತೆ.

ತೂಗಿ ನೋಡಿದಾಗ

ನನ್ನ ನಿಲುವು ಪರದ ಕಡೆಗಿದೆ, ಆದರೆ ವಿರೋಧದ ಲೆಕ್ಕವನ್ನು ಒಪ್ಪಿಕೊಂಡೇ ಅಲ್ಲಿಗೆ ಬರಬೇಕು. ಒಣ ರಸ್ತೆಯ ಆ ಶೇಕಡ 10ರ ಕೊರತೆಯನ್ನೇ ತೆಗೆದುಕೊಳ್ಳಿ. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, 100ರ ಬದಲು 95 ಕಿ.ಮೀ. ವೇಗದಲ್ಲಿ ಹೋದರೆ ಆ ಕೊರತೆ ಹೆಚ್ಚುಕಡಿಮೆ ಪೂರ್ತಿ ತುಂಬಿಹೋಗುತ್ತದೆ. ಗಂಟೆಗೆ ಐದು ಕಿ.ಮೀ. ಬಿಟ್ಟುಕೊಡುವುದು ಯಾವ ಚಾಲಕನಿಗೂ ಸಾಧ್ಯವಿರುವ ಮಾತು. ಆದರೆ ಒದ್ದೆ ರಸ್ತೆಯ ಮೇಲಿನ ದರ್ಜೆಗೂ ಕೆಳಗಿನ ದರ್ಜೆಗೂ ಇರುವ ಅಂತರವನ್ನು ಹೀಗೆ ತುಂಬಲು 80ರ ಬದಲು 67 ಕಿ.ಮೀ. ವೇಗಕ್ಕೆ ಇಳಿಯಬೇಕು. ಸುತ್ತಲಿನ ವಾಹನಗಳೆಲ್ಲ 80ರಲ್ಲಿ ಹೋಗುವ ಹೆದ್ದಾರಿಯಲ್ಲಿ ಅದು ಆಗುವ ಕೆಲಸವಲ್ಲ. ಟೈರ್ ನೀರಿನ ಮೇಲೆ ತೇಲತೊಡಗಿದರಂತೂ ಬ್ರೇಕಿಗೂ ಸ್ಟೀರಿಂಗಿಗೂ ಕೆಲಸವೇ ಇಲ್ಲ. ಆದ್ದರಿಂದ ಉಳಿತಾಯ ಎಲ್ಲಿ ಮಾಡಬಹುದು, ಎಲ್ಲಿ ಮಾಡಬಾರದು ಎಂಬ ಗೆರೆ ಇಲ್ಲೇ ಬೀಳುತ್ತದೆ. ಒಣ ರಸ್ತೆಯ ಕೊನೆಯ ಹಿಡಿತವನ್ನು ಬಿಟ್ಟುಕೊಟ್ಟು ಹಣ ಉಳಿಸಬಹುದು. ಒದ್ದೆ ರಸ್ತೆಯ ಹಿಡಿತದಲ್ಲಿ ಒಂದು ರೂಪಾಯಿಯನ್ನೂ ಉಳಿಸಬಾರದು.

ಹಾಗಾದರೆ ಕಡಿಮೆ ಬೆಲೆಯಲ್ಲೇ ಒದ್ದೆ ರಸ್ತೆಯ ಹಿಡಿತ ಸಿಗುತ್ತದೆಯೇ ಎಂದು ಕೇಳಬಹುದು. ಸಿಗುತ್ತದೆ, ಹುಡುಕಬೇಕು. ಅತಿ ದುಬಾರಿ ಹೆಸರುಗಳ ಕೆಳಗಿನ ಸಾಲಿನಲ್ಲಿ ಹ್ಯಾಂಕುಕ್, ಕುಮ್ಹೊ, ಫಾಲ್ಕನ್‌ನಂಥ ಕಂಪನಿಗಳಿವೆ. 2009ರಿಂದ ನಮ್ಮ ಅಪೊಲೊ ಟೈರ್ಸ್ ಒಡೆತನದಲ್ಲಿರುವ ನೆದರ್ಲೆಂಡ್ಸ್ ಮೂಲದ ವ್ರೆಡೆಸ್ಟೈನ್ ಕೂಡ ಇದೆ. ಹೆಸರು ನೋಡಿ ನಂಬುವುದಕ್ಕಿಂತ ಆ ನಿರ್ದಿಷ್ಟ ಮಾದರಿಯ ಲೇಬಲ್ ನೋಡಬೇಕು, ಜರ್ಮನಿಯ ಎಡಿಎಸಿಯಂಥ ಸಂಸ್ಥೆಗಳು ಪ್ರಕಟಿಸುವ ಒದ್ದೆ ರಸ್ತೆಯ ಪರೀಕ್ಷೆಯ ಫಲಿತಾಂಶ ಓದಬೇಕು. ಅಮೆರಿಕದಲ್ಲಿ ಟೈರಿನ ಬದಿಯಲ್ಲಿ ಅಚ್ಚಾಗುವ ಟ್ರೆಡ್‌ವೇರ್ ಸಂಖ್ಯೆಯನ್ನು ಹಿಡಿದು ಕೊಳ್ಳುವವರು ಹೆಚ್ಚು. ಆ ಸಂಖ್ಯೆಯನ್ನು ನಿಗದಿ ಮಾಡುವುದು ಟೈರ್ ಕಂಪನಿಯೇ, ಆದ್ದರಿಂದ ಒಂದು ಕಂಪನಿಯ 400ನ್ನು ಇನ್ನೊಂದರ 400ರ ಜೊತೆ ಹೋಲಿಸುವುದು ಅಷ್ಟು ನಂಬುವ ಮಾತಲ್ಲ. ಅದರ ಪಕ್ಕದ ಎಎ ಅಥವಾ ಎ ಎಂಬ ಟ್ರ್ಯಾಕ್ಷನ್ ದರ್ಜೆ ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಿಡಿದಾಗಿನ ಹಿಡಿತವನ್ನು ಮಾತ್ರ ಹೇಳುತ್ತದೆ. ತಿರುವಿನ ಬಗ್ಗೆಯಾಗಲಿ, ನೀರಿನ ಮೇಲೆ ತೇಲುವ ಬಗ್ಗೆಯಾಗಲಿ ಅದರಲ್ಲಿ ಏನೂ ಇಲ್ಲ. ಇನ್ನು 87ಡಬ್ಲ್ಯು ಎಂಬಂಥ ಗುರುತು. ಟೈರೊಂದು 545 ಕಿಲೋ ಹೊತ್ತು 270 ಕಿ.ಮೀ. ವೇಗವನ್ನು ತಾಳುತ್ತದೆ ಎಂದು ಇದರ ಅರ್ಥ. ಅಗ್ಗಕ್ಕೆ ಸಿಕ್ಕಿತೆಂದು ಕಾರು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಗುರುತಿನದನ್ನು ಹಾಕಿಸಬಾರದು.

ದುಬಾರಿ ಟೈರ್ ಹಾಕಿದರೆ ಈ ತಲೆನೋವೇ ಇಲ್ಲವಲ್ಲ ಎಂಬ ಆಕ್ಷೇಪವೂ ಇದೆ. ಅದು ಹೊಸ ಟೈರಿನ ಮಟ್ಟಿಗೆ ನಿಜ. ಆದರೆ ಟೈರ್ ಹೊಸದಾಗಿಯೇ ಉಳಿಯುವುದಿಲ್ಲ. ಹೊಸತರಲ್ಲಿ ಎಂಟು ಮಿ.ಮೀ.ನಷ್ಟಿರುವ ಕಾಲುವೆಯ ಆಳ ಕಾನೂನಿನ ಮಿತಿಯಾದ 1.6 ಮಿ.ಮೀ.ಗೆ ಬಂದಾಗ, ಎಷ್ಟೇ ಹೆಸರುವಾಸಿ ಟೈರಾದರೂ ನೀರನ್ನು ಹೊರಹಾಕುವ ಶಕ್ತಿ ಕಳೆದುಕೊಂಡಿರುತ್ತದೆ. ದುಬಾರಿ ಸೆಟ್ ಕೊಂಡವರಿಗೆ ಅದನ್ನು ಕೊನೆಯ ಮಿಲಿಮೀಟರ್‌ವರೆಗೂ ಎಳೆಯುವ ಆಸೆ ಹೆಚ್ಚು. ಕೈಗೆಟಕುವ ಬೆಲೆಯ ಟೈರನ್ನು 3 ಮಿ.ಮೀ. ಉಳಿದಿರುವಾಗಲೇ ಬದಲಾಯಿಸಲು ಮನಸ್ಸು ಬರುತ್ತದೆ. ವಯಸ್ಸಿನ ಮಾತೂ ಅಷ್ಟೇ. ವಾರಾಂತ್ಯಕ್ಕಷ್ಟೇ ಹೊರಬರುವ ಸ್ಪೋರ್ಟ್ಸ್ ಕಾರಿನಲ್ಲಿ ಟೈರ್ ಸವೆಯುವ ಮೊದಲೇ ರಬ್ಬರು ಮುಪ್ಪಾಗುತ್ತದೆ. ಬದಿಯ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷದ ಬಳಿಕ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷಕ್ಕೆ ತೆಗೆದುಬಿಡಬೇಕು ಎಂಬುದು ಮಿಶೆಲಿನ್ನಿನಂಥ ತಯಾರಕರ ಸಲಹೆ. ಈ ಎರಡು ಕಾರಣಗಳಿಗೇ ನಾನು ಸಕಾಲಕ್ಕೆ ಬದಲಾಯಿಸುವ ಸಾಧಾರಣ ಟೈರನ್ನು, ಸವೆದು ಬಿರುಸಾದ ದುಬಾರಿ ಟೈರಿಗಿಂತ ಮೇಲೆಂದು ಎಣಿಸುತ್ತೇನೆ.

ಉಳಿತಾಯದ ಹೆಸರಲ್ಲಿ ನಡೆಯುವ ಒಂದು ತಪ್ಪನ್ನು ಮಾತ್ರ ಎರಡೂ ಕಡೆಯವರು ಒಂದಾಗಿ ಖಂಡಿಸಬೇಕು. ಎರಡು ಟೈರ್ ಒಂದು ಮಾದರಿ, ಇನ್ನೆರಡು ಮತ್ತೊಂದು ಮಾದರಿ ಹಾಕಿ ಓಡಿಸುವುದು ಅದು. ಹಿಂಬದಿ ಚಕ್ರಗಳಿಂದ ಓಡುವ ಹಗುರ ಕಾರಿನಲ್ಲಿ ಹಿಂದಿನ ಟೈರಿನ ಹಿಡಿತ ಮುಂದಿನದಕ್ಕಿಂತ ಕಡಿಮೆಯಾದರೆ ತಿರುವಿನಲ್ಲಿ ಕಾರು ಗಿರ್ರನೆ ತಿರುಗಿಬಿಡುತ್ತದೆ. ನಾಲ್ಕೂ ಒಂದೇ ಮಾದರಿಯವಿರಬೇಕು. ಎರಡನ್ನೇ ಬದಲಾಯಿಸುವ ಸ್ಥಿತಿ ಬಂದರೆ ಅದೇ ಮಾದರಿಯ ಹೊಸ ಜೋಡಿ ಹಿಂದಕ್ಕೆ ಹೋಗಬೇಕು.

ಹೀಗೆ ಎಂಎಕ್ಸ್-5, ಟೊಯೊಟಾ 86ರಂಥ ಹಗುರ ಕಾರಿಗೆ ದಿನಬಳಕೆಯ ಒಳ್ಳೆಯ ಟೈರ್ ಧಾರಾಳವಾಗಿ ಸಾಕು. ಅದರಲ್ಲೇ ಆ ಕಾರುಗಳ ಸ್ವಭಾವ ಚೆನ್ನಾಗಿ ಕಾಣುತ್ತದೆ. 400 ಅಶ್ವಶಕ್ತಿ ದಾಟಿದ, ಹಿಂದೆ ಮುಂದೆ ಬೇರೆ ಬೇರೆ ಅಳತೆಯ ಟೈರ್ ಬೇಡುವ ಕಾರಿಗೆ ಈ ಮಾತು ಸಲ್ಲುವುದಿಲ್ಲ. ಅಲ್ಲಿ ಕಂಪನಿ ಒಪ್ಪಿದ ಟೈರನ್ನೇ ಹಾಕಬೇಕು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ನೋಡಲು ಹೊರಟವರು ಅದರ ಎಂಜಿನ್ನಿನ ಸದ್ದು ಕೇಳುವ ಮೊದಲು ಅದರ ಅಳತೆಯ ನಾಲ್ಕು ಹೊಸ ಟೈರಿನ ಬೆಲೆ ಕೇಳಬೇಕು, ಆ ಮೊತ್ತವನ್ನು ಕಾರಿನ ಬೆಲೆಗೆ ಕೂಡಿಸಿ ನೋಡಬೇಕು. ಆ ಮೊತ್ತ ಜೇಬಿಗೆ ಮೀರಿದರೆ, ಅಗ್ಗದ ಟೈರ್ ಹಾಕಿ ದೊಡ್ಡ ಕಾರನ್ನು ಕೊಳ್ಳುವುದಕ್ಕಿಂತ, ಸರಿಯಾದ ಟೈರ್ ಹಾಕಿಸಲು ಆಗುವಂಥ ಚಿಕ್ಕ ಕಾರನ್ನು ಕೊಳ್ಳುವುದೇ ಮೇಲು.